ಮೊದಲ ಬಸ್ಸಿನ ದೀಪ

ಒಲೀಟಾ ಸ್ಟೋವಾಲ್ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಲಬಕ್ ಪಟ್ಟಣದ ಆಸ್ಪತ್ರೆ ಸೇರಿದ್ದು ೧೯೭೪ರ ಸೆಪ್ಟೆಂಬರಿನಲ್ಲಿ. ಕಲ್ಲು ಹೋಯಿತು, ನೋವೂ ಹೋಯಿತು. ಹೊಲಿಗೆ ಬಿಚ್ಚಿಸಿಕೊಂಡು ಅವಳು ಡನ್‌ಮೈರ್ ಊರಿಗೆ ವಾಪಸು ಬರುವಷ್ಟರಲ್ಲಿ ಇನ್ನೊಂದೂ ಹೋಗಿತ್ತು. ಹೈಸ್ಕೂಲಿನ ಫುಟ್‌ಬಾಲ್ ತಂಡವನ್ನು ಹೊರ ಊರಿನ ಆಟಗಳಿಗೆ ಕರೆದೊಯ್ಯುವ ಮೊದಲ ಬಸ್ಸಿನಲ್ಲಿ, ಅವಳ ಡ್ರೈವರ್ ಸೀಟಿನ ಮೇಲೆ, ಶಾರ್ಲಾ ಬೀಮನ್ ಎಂಬ ಹೆಂಗಸು ಕೂತಿದ್ದಳು. ಕಲ್ಲನ್ನಾದರೂ ಡಾಕ್ಟರು ಸೀಸೆಯಲ್ಲಿ ಹಾಕಿ ಕೊಟ್ಟಿದ್ದರು. ಸೀಟನ್ನು ಹಾಗೆ ಯಾರೂ ಕಟ್ಟಿಕೊಡಲಿಲ್ಲ.

ಒಲೀಟಾ ಹುಟ್ಟಿದ್ದು ಬೇರೆಯವರ ಹತ್ತಿ ಹೊಲವನ್ನು ಪಾಲಿಗೆ ಮಾಡುವವರ ಮನೆಯಲ್ಲಿ. ಕಾಲು ಕ್ಲಚ್ಚಿಗೆ ಎಟುಕುವ ಮೊದಲೇ ಹತ್ತಿ ಲಾರಿ ಓಡಿಸಲು ಕಲಿತಿದ್ದಳು. ಗಂಡ ಕ್ಲೆಲ್ ಸುತ್ತಲಿನ ಹೊಲಗಳ ಗಾಳಿಯಂತ್ರ ರಿಪೇರಿ ಮಾಡುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಎರಡು ನಾಯಿಯ ಜೊತೆ. ಮಕ್ಕಳಾಗಲಿಲ್ಲ. ಅದಕ್ಕಾಗಿ ಅವಳು ಅತ್ತದ್ದನ್ನು ಕಂಡವರಿಲ್ಲ, ಅಳಲಿಲ್ಲ ಎಂದು ನಂಬಿದವರೂ ಇಲ್ಲ. ಹಿಂದೆ ಕೂತ ಹುಡುಗರ ಗಲಾಟೆ, ಅವರ ಬೆವರಿನ ನಾತ, ಸೋತು ಬರುವ ದಿನ ಮೂಗೆಳೆಯುವ ಸದ್ದು, ಇದೇ ಹತ್ತೊಂಬತ್ತು ವರ್ಷ ಅವಳ ಸಂಸಾರವಾಗಿತ್ತು. ಆ ಹುಡುಗರಲ್ಲಿ ಕೆಲವರಿಗೆ ಈಗ ಬಕ್ಕತಲೆ. ಅಂಗಡಿಯಲ್ಲಿ ಸಿಕ್ಕರೆ ಇವತ್ತಿಗೂ "ಮಿಸ್ ಒಲೀಟಾ" ಎಂದು ಟೊಪ್ಪಿ ತೆಗೆಯುತ್ತಿದ್ದರು.

ಮೊದಲ ಬಸ್ಸೆಂದರೆ ಡನ್‌ಮೈರಿನಲ್ಲಿ ಸಣ್ಣ ಮಾತಲ್ಲ. ಹೊರಗಿನ ಆಟಕ್ಕೆ ಹೊರಟರೆ ಮೊದಲು ತಂಡದ ಬಸ್ಸು, ಅದರ ಹಿಂದೆ ಬ್ಯಾಂಡಿನವರ ಬಸ್ಸು, ಅದರ ಹಿಂದೆ ಹಗಲಿನಲ್ಲೂ ದೀಪ ಹಾಕಿಕೊಂಡ ಊರಿನವರ ಕಾರುಗಳ ಸಾಲು. ಹೋಗುವಾಗಲೂ ಬರುವಾಗಲೂ ಮೊದಲ ಬಸ್ಸನ್ನು ಯಾರೂ ದಾಟಿ ಮುಂದೆ ಹೋಗಬಾರದು. ಹಾಗೆ ದಾಟಿ ಹೋದ ಒಬ್ಬ ಔಷಧಿ ಅಂಗಡಿಯವನ ಹತ್ತಿರ ಊರಿನವರು ಎರಡು ವರ್ಷ ಮಾತ್ರೆ ಕೊಳ್ಳಲಿಲ್ಲ. ತಲೆನೋವು ಬಂದರೆ ಸಹಿಸಿಕೊಂಡರು.

ಅಕ್ಟೋಬರಿನಲ್ಲಿ ಒಲೀಟಾ ಬಸ್ಸಿನ ಶೆಡ್ಡಿಗೆ ಹೋಗಿ ಕೋಚ್ ಡ್ವೈಟ್ ರಾಂಕಿನ್‌ನನ್ನು ಹಿಡಿದಳು. ಅವನು ಆ ವರ್ಷವೇ ಊರಿಗೆ ಬಂದವನು.

"ಕೋಚ್, ನಾನೀಗ ಗುಂಡುಕಲ್ಲಿನ ಹಂಗಿದೀನಿ. ಈ ಶುಕ್ರವಾರದ ಆಟದಿಂದ ನನ್ನ ಬಸ್ಸು ನಾನೇ ತಗೋತೀನಿ."

ರಾಂಕಿನ್ ಟೊಪ್ಪಿ ತೆಗೆದು ಅದರೊಳಗೆ ಉತ್ತರ ಹುಡುಕುವವನ ಹಾಗೆ ನೋಡಿದ. "ತಪ್ಪು ತಿಳ್ಕೋಬೇಡಿ, ಮಿಸ್ ಒಲೀಟಾ. ಶಾರ್ಲಾ ಓಡ್ಸೋಕೆ ಶುರು ಮಾಡಿದ್ಮೇಲೆ ನಾವು ಒಂದಾಟಾನೂ ಸೋತಿಲ್ಲ. ಗೆಲ್ತಾ ಇರೋವಾಗ ಏನೂ ಬದಲಾಯಿಸ್ಬಾರ್ದು. ನಾನು ನನ್ನ ಕಾಲುಚೀಲಾನೇ ಆಗಸ್ಟಿಂದ ಒಗ್ದಿಲ್ಲ."

"ಅದು ಒಳಗೆ ಬರ್ತಿದ್ದ ಹಾಗೇ ಗೊತ್ತಾಯ್ತು."

"ಸೋತ ದಿನ ಕೀಲಿ ನಿಮ್ಮ ಕೈಗೆ. ಮಾತು ಕೊಡ್ತೀನಿ. ಅಲ್ಲೀವರೆಗೂ ಬ್ಯಾಂಡಿನ ಬಸ್ಸು ಓಡ್ಸಿ."

ಸೋತ ದಿನ. ಆ ಎರಡು ಮಾತು ಒಲೀಟಾಳ ಕಿವಿಯಲ್ಲಿ ಮುಳ್ಳಿನಂತೆ ಮುರಿದುಕೊಂಡವು. ಹುಡುಗರು ಸೋತರೆ ತಾನು ಗೆದ್ದ ಹಾಗೆ, ಅವರು ಗೆದ್ದರೆ ತಾನು ಸೋತ ಹಾಗೆ. ಹತ್ತೊಂಬತ್ತು ವರ್ಷ ಯಾರಿಗಾಗಿ ದೇವರಲ್ಲಿ ಬೇಡಿಕೊಂಡಿದ್ದಳೋ ಅವರು ಎಡವಲಿ ಎಂದು ಈಗ ಶುಕ್ರವಾರ ಶುಕ್ರವಾರವೂ ಬಯಸುವಂತಾಯಿತು. ಬಯಸಿ, ಮನೆಗೆ ಬಂದು ನಾಚಿಕೆಯಿಂದ ಆ ಹುಡುಗರಿಗೇ ಪೀಕನ್ ಬೀಜದ ಕಡುಬು ಬೇಯಿಸುತ್ತಿದ್ದಳು. ಹುಡುಗರು ಕಡುಬನ್ನೂ ತಿಂದರು, ಆಟವನ್ನೂ ಗೆದ್ದರು.

ಶಾರ್ಲಾ ಕೆಟ್ಟ ಹೆಂಗಸಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಟ್ರ್ಯಾಕ್ಟರ್ ಅಂಗಡಿಯವರ ಸೊಸೆ, ಮೂವತ್ತರ ಆಜುಬಾಜಿನವಳು, ಗಾಳಿ ಬೀಸಿದರೂ ಅಲುಗದ ಎತ್ತರದ ಕೂದಲಿನವಳು. ನಗುವಾಗ ದವಡೆ ಹಲ್ಲಿನವರೆಗೂ ಕಾಣುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ನಿಂಬೆ ಪೆಪ್ಪರ್‌ಮಿಂಟಿನ ಡಬ್ಬಿ ಇಟ್ಟುಕೊಂಡು ಹತ್ತುವ ಹುಡುಗನಿಗೆಲ್ಲ ಒಂದೊಂದು ಕೊಡುತ್ತಿದ್ದಳು, ಹಾಡು ಹೇಳಿಸುತ್ತಿದ್ದಳು. ಅವಳ ಹುಟ್ಟುಹಬ್ಬಕ್ಕೆ ಹುಡುಗರೆಲ್ಲ ಚೆಂಡಿನ ಮೇಲೆ ಸಹಿ ಹಾಕಿ ಕೊಟ್ಟರು. ಒಲೀಟಾಳಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಒಂದು ಚರ್ಮದ ಕೀಲಿಗೊಂಚಲು, ಅದರಲ್ಲೂ ಹೆಸರಿನ ಒಂದಕ್ಷರ ತಪ್ಪು. ಆ ಚೆಂಡನ್ನು ನೆನೆಸಿಕೊಂಡರೆ ಒಲೀಟಾಳಿಗೆ ಹೊಲಿಗೆ ಹಾಕಿದ ಜಾಗ ಉರಿಯುತ್ತಿತ್ತು.

ನವೆಂಬರಿಗೆ ಡನ್‌ಮೈರ್ ಪ್ಲೇಆಫ್‌ಗೆ, ಸೋತವರು ಅಲ್ಲಿಗೇ ಹೊರಬೀಳುವ ಸುತ್ತುಗಳಿಗೆ, ಏರಿತು. ಮೊದಲ ಸುತ್ತು ಊರಿನಲ್ಲೇ ನಡೆದು ಗೆದ್ದದ್ದಾಯಿತು. ಎರಡನೆಯದು ಎಲ್ಲಿ ಎಂದು ತೀರ್ಮಾನಿಸಲು ಎರಡೂ ಕಡೆಯ ಕೋಚ್‌ಗಳು ನಡುದಾರಿಯ ಹೋಟೆಲೊಂದರಲ್ಲಿ ನಾಣ್ಯ ಚಿಮ್ಮಿದರು. ರಾಂಕಿನ್ ಸೋತ. ಕೆಸ್ಲರ್ ಎಂಬ ದೂರದ ಊರಿಗೆ, ಶನಿವಾರ ಮಧ್ಯಾಹ್ನದ ಆಟಕ್ಕೆ, ಎರಡೂವರೆ ಗಂಟೆಯ ದಾರಿ ಹೋಗಬೇಕಾಯಿತು. ಒಂಬತ್ತು ವರ್ಷದ ಮೇಲೆ ಡನ್‌ಮೈರ್ ತಂಡ ಪ್ಲೇಆಫ್ ಆಟಕ್ಕೆ ಹೊರ ಊರಿಗೆ ಹೊರಟಿತ್ತು.

ಅಂಥ ಆಟಕ್ಕೆಂದೇ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೆದ್ದಾರಿ ಊರೊಳಕ್ಕೆ ತಿರುಗುವಲ್ಲಿ ಹತ್ತಿ ಗಿರಣಿ. ತಂಡ ಗೆದ್ದು ಬಂದರೆ ಗಿರಣಿಯ ಸೈರನ್ ಕೂಗಬೇಕು. ಕೂಗಿದರೆ ಹೋಗಲಾಗದೆ ಉಳಿದ ಮುದುಕರು, ಬಾಣಂತಿಯರು, ಮಕ್ಕಳೆಲ್ಲ ಚೌಕಕ್ಕೆ ಓಡಿಬಂದು ಒಟ್ಟಿದ ಸೌದೆಗೆ ಬೆಂಕಿ ಹಚ್ಚಬೇಕು. ಬಸ್ಸು ಬಂದೂ ಕೂಗದಿದ್ದರೆ ಸೋತರೆಂದು ಅರ್ಥ. ಆಗ ಎಲ್ಲರೂ ಜಗಲಿಯ ದೀಪ ಆರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಸೋತ ಹುಡುಗರ ಮುಖವನ್ನು ಯಾರೂ ನೋಡಬಾರದು, ಅವರು ಕತ್ತಲಲ್ಲಿ ತಮ್ಮ ಪಾಡಿಗೆ ಮನೆ ಸೇರಲಿ ಎಂದು. ಫೋನು ಮಾಡಿ ಫಲಿತಾಂಶ ಹೇಳುವುದು ಅಪಶಕುನ. ರೇಡಿಯೋದವರು ಆ ಮೂಲೆಯ ಊರಿನ ಅಂಕ ಹೇಳುತ್ತಿದ್ದುದು ರಾತ್ರಿ ಹತ್ತಕ್ಕೆ.

ಹಾಗಿದ್ದರೆ ಸೈರನ್ ಎಳೆಯುವವನಿಗೆ ತಿಳಿಯುವುದು ಹೇಗೆ? ಊರಿನವರು ಅದನ್ನು ಕೇಳಲಿಲ್ಲ. ಅದು ಇಬ್ಬರಿಗೇ ಗೊತ್ತಿದ್ದದ್ದು, ಮೊದಲ ಬಸ್ಸಿನ ಡ್ರೈವರಿಗೆ ಮತ್ತು ಗಿರಣಿಯಲ್ಲಿ ಕಾಯುವವನಿಗೆ. ರಾತ್ರಿ ಬಸ್ಸಿನ ಒಳದೀಪ ಹಾಕಿದರೆ ಗಾಜಿನಲ್ಲಿ ತನ್ನ ಮುಖವೇ ಕಂಡು ದಾರಿ ಕಾಣುವುದಿಲ್ಲ, ಆದ್ದರಿಂದ ಯಾವ ಡ್ರೈವರೂ ಹಾಕುವುದಿಲ್ಲ. ಗೆದ್ದು ಬರುವಾಗ ಮಾತ್ರ ಗಿರಣಿಯ ತಿರುವಿನಲ್ಲಿ ಒಳದೀಪವೆಲ್ಲ ಹಾಕಬೇಕು. ಒಂಬತ್ತು ವರ್ಷದ ಹಿಂದೆ ಒಲೀಟಾ ಹಾಗೆ ಹಾಕಿದ್ದಳು. ಸೈರನ್ ಕೂಗಿತ್ತು, ಹುಡುಗರು ಅವಳನ್ನು ಹೆಗಲ ಮೇಲೆ ಹೊತ್ತು ಬೆಂಕಿಯ ಸುತ್ತ ಕುಣಿದಿದ್ದರು. ಅವಳ ಒಂದು ಕಾಲಿನ ಬೂಟು ಎಲ್ಲೋ ಬಿದ್ದುಹೋಗಿತ್ತು. ಉಳಿದ ಇನ್ನೊಂದನ್ನು ಅವಳು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದಳು. ಈಗಿನ ಹುಡುಗರು ಆಗ ಸ್ಲೇಟು ಹಿಡಿಯುವ ಮಕ್ಕಳು. ಗೆದ್ದಾಗಿನ ಸೈರನ್ನಿನ ಕತೆ ಕೇಳಿದ್ದರು, ಸೋತಾಗ ಕವಿಯುವ ಕತ್ತಲಾಗಲಿ ಬಸ್ಸಿನ ದೀಪವಾಗಲಿ ಅವರಿಗೇನು ಗೊತ್ತು.

ಗಿರಣಿಯಲ್ಲಿ ಕಾಯುವವನು ಎಲ್ಮೋ ಟಿಡ್ವೆಲ್. ಒಲೀಟಾಳಿಗಿಂತ ಮೊದಲು ಆ ಬಸ್ಸು ಓಡಿಸಿದವನು. ಕಣ್ಣು ಮಂಜಾಗತೊಡಗಿದಾಗ ೧೯೫೫ರಲ್ಲಿ ಸೀಟು ಅವನಿಂದ ಇವಳ ಕೈಗೆ ಬಂದಿತ್ತು. ಈಗ ಎಂಬತ್ತು ದಾಟಿದ ಮುದುಕ, ಗಿರಣಿಯ ಪಕ್ಕದ ಮನೆಯಲ್ಲಿ ಒಂಟಿ. ಗುರುವಾರ ಒಲೀಟಾ ಅವನಿಗೆ ಜೋಳದ ರೊಟ್ಟಿ, ಹುರುಳಿ ಸಾರು ತಗೊಂಡು ಹೋದಳು.

"ಶನಿವಾರ ಸಂಜೆ ನಾಲ್ಕಕ್ಕೇ ಮೇಲೆ ಹತ್ತಿ ಕೂತಿರ್ತೀನಿ," ಎಂದ ಎಲ್ಮೋ. "ನನ್ನ ಮಂಡಿಗೆ ಆ ಮೆಟ್ಟಿಲು ಹತ್ತೋಕೆ ಅಷ್ಟು ಹೊತ್ತು ಬೇಕು ಕಣಮ್ಮ. ಕಣ್ಣಿಗೆ ಈಗ ಬೆಳಕು ಕತ್ತಲೆ ಎರಡೇ ಗೊತ್ತಾಗೋದು. ನಿನ್ನ ದೀಪಕ್ಕೆ ಅಷ್ಟು ಸಾಕಲ್ಲ?"

ದೀಪ ನನ್ನದಲ್ಲ, ಆ ಸೀಟೇ ಈಗ ನನ್ನದಲ್ಲ ಎಂದು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಊರಿನವರೂ ಅವನಿಗೆ ಹೇಳಿರಲಿಲ್ಲ. "ಸಾಕು," ಎಂದು ಪಾತ್ರೆ ತೊಳೆದಿಟ್ಟು ಬಂದಳು.

ಶನಿವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಹುಡುಗಿಯರು ಬಿಳಿ ಬೂಟ್‌ಪಾಲಿಶಿನಿಂದ ಬಸ್ಸಿನ ಗಾಜಿನ ಮೇಲೆಲ್ಲ ಕೆಸ್ಲರಿನವರನ್ನು ಬೈದು ಬರೆಯುತ್ತಿದ್ದರು. ಒಲೀಟಾ ಬ್ಯಾಂಡಿನ ಬಸ್ಸಿನ ಎಣ್ಣೆ ನೋಡುತ್ತಿದ್ದಾಗ ಶಾರ್ಲಾ ಓಡಿಬಂದಳು.

"ಮಿಸ್ ಒಲೀಟಾ, ಒಂದು ಮಾತು. ಪ್ಲೇಆಫ್‌ಗೆ ನಾನ್ಯಾವತ್ತೂ ಓಡ್ಸಿಲ್ಲ. ಹೋಗೋವಾಗ ಬರೋವಾಗ ಏನಾದ್ರೂ ಪದ್ಧತಿ ಗಿದ್ಧತಿ ಇದ್ರೆ ಹೇಳ್ಬಿಡಿ. ನಿಮ್ಮನ್ನ ಬಿಟ್ರೆ ಇನ್ಯಾರನ್ನ ಕೇಳ್ಲಿ?"

ಇದೇ ಶೆಡ್ಡಿನಲ್ಲಿ, ಇಂಥದೇ ಒಂದು ಬೆಳಿಗ್ಗೆ ಎಲ್ಮೋ ಒಲೀಟಾಳ ಬಸ್ಸಿನ ಕಿಟಕಿಗೆ ಬಂದು ಎಲ್ಲವನ್ನೂ ಹೇಳಿಕೊಟ್ಟಿದ್ದ. ಅವಳು ಕೇಳಿಯೂ ಇರಲಿಲ್ಲ. ಅದು ಈಗ ನೆನಪಾಯಿತು. ನೆನಪಾದದ್ದನ್ನು ಅವಳು ಎಣ್ಣೆ ಬಟ್ಟೆಯ ಜೊತೆ ಮುದುಡಿ ಜೇಬಿಗೆ ಹಾಕಿದಳು.

"ಏನಿಲ್ಲ ಕಣಮ್ಮ. ಐವತ್ತೈದು ಮೈಲಿ ವೇಗದ ಮೇಲೆ ಓಡಿಸ್ಬೇಡ. ದನ ಅಡ್ಡ ಬಂದ್ರೆ ನಿಲ್ಸು."

"ಅಷ್ಟೇನಾ?"

"ಅಷ್ಟೇ."

ಹೇಗೂ ಸೋಲುತ್ತಾರೆ, ಹೇಳಿ ಏನು ಪ್ರಯೋಜನ ಎಂದು ಸಮಾಧಾನ ಮಾಡಿಕೊಂಡಳು. ಕೆಸ್ಲರ್ ತಂಡ ಎರಡು ವರ್ಷದಿಂದ ಸೋತಿರಲಿಲ್ಲ.

ದಾರಿಯುದ್ದಕ್ಕೂ ಅವಳ ಕಣ್ಣು ಮುಂದಿನ ಬಸ್ಸಿನ ಕೆಂಪು ದೀಪಗಳ ಮೇಲೆ. ಶಾರ್ಲಾ ಬ್ರೇಕು ತಡವಾಗಿ ಒತ್ತುತ್ತಾಳೆ. ತಿರುವಿಗೆ ಅರ್ಧ ಮೈಲಿ ಇರುವಾಗಲೇ ಸೂಚಕ ಹಾಕುತ್ತಾಳೆ. ಮೂರನೇ ಗೇರಿನಲ್ಲಿ ಬಸ್ಸನ್ನು ನರಳಿಸುತ್ತಾಳೆ. ಕೊಯ್ದ ಹತ್ತಿ ಹೊಲಗಳಿಂದ ಹಾರಿಬಂದ ಬಿಳಿ ಎಳೆಗಳು ರಸ್ತೆಯಂಚಿನ ಹುಲ್ಲಿಗೆ ಅಂಟಿದ್ದವು. ಮುಂದಿನ ಬಸ್ಸಿನಿಂದ ಹುಡುಗರು ಛಾವಣಿ ಬಡಿದು ಹಾಡುವುದು ಗಾಳಿಯಲ್ಲಿ ತುಂಡುತುಂಡಾಗಿ ಕೇಳಿಸುತ್ತಿತ್ತು. ಒಲೀಟಾಳ ಬಸ್ಸಿನಲ್ಲಿ ಅವರು ಹಾಡಿರಲಿಲ್ಲ. ಅವಳು ಹಾಡಬೇಡಿ ಎಂದಿರಲಿಲ್ಲ, ಹಾಡಿ ಎಂದೂ ಅಂದಿರಲಿಲ್ಲ.

ಹಿಂದಿನ ಸೀಟಿನಿಂದ ಕ್ಲಾರಿನೆಟ್ ಊದುವ ಟ್ವೈಲಾ ಎಂಬ ಹುಡುಗಿ ಕತ್ತು ಚಾಚಿದಳು. "ಮಿಸ್ ಒಲೀಟಾ, ಮುಂದಿನ ಬಸ್ಸನ್ನ ಯಾಕೆ ಹಂಗೆ ಗುರಾಯಿಸ್ತಿದೀರಿ? ಅದೇನು ನಿಮ್ಮ ಸಾಲ ತಗೊಂಡಿದ್ಯಾ?"

"ದಾರಿ ನೋಡ್ತಿದೀನಿ. ನೀನು ಹಿಂದೆ ಸರ್ಕೊಂಡು ಕೂತ್ಕೋ."

"ದಾರಿ ಕೆಳಗಿದೆ, ಇವ್ರ ಕಣ್ಣು ಮೇಲಿದೆ," ಎಂದು ಟ್ವೈಲಾ ಪಕ್ಕದವಳಿಗೆ ಹೇಳಿದ್ದು ಒಲೀಟಾಳಿಗೆ ಕೇಳಿಸಿತು.

ಕೆಸ್ಲರಿನ ಮೈದಾನದಲ್ಲಿ ಗಾಳಿ ಚರ್ಮ ಸುಲಿಯುತ್ತಿತ್ತು. ಹೊರಗಿನವರಿಗೆ ಕೊಟ್ಟ ಮರದ ಮೆಟ್ಟಿಲುಗಳ ಮೇಲೆ ಡನ್‌ಮೈರಿನವರು ಕಂಬಳಿ ಹೊದ್ದು, ಮೆಕ್ಕೆಜೋಳದ ಚಿಪ್ಸಿನ ಮೇಲೆ ಖೀಮಾ ಸುರಿದುಕೊಂಡು ತಿನ್ನುತ್ತ ಕೂತಿದ್ದರು. ಶಾರ್ಲಾ ಬಂದು ಒಲೀಟಾಳ ಪಕ್ಕಕ್ಕೇ ಕೂತಳು, ಅರ್ಧ ಕಂಬಳಿಯನ್ನೂ ಹೊದಿಸಿದಳು. ಒಲೀಟಾಳಿಗೆ ಕಂಬಳಿ ಬೆಚ್ಚಗಿತ್ತು, ಬೇಡವೆನ್ನಲಾಗಲಿಲ್ಲ.

ಆಟ ಅರ್ಧವಾಗುವಾಗ ಕೆಸ್ಲರ್ ಹದಿನಾಲ್ಕು, ಡನ್‌ಮೈರ್ ಸೊನ್ನೆ. ಸುತ್ತಲಿದ್ದವರ ಮುಖ ಬಿಳಿಚಿಕೊಂಡಿತು. ಒಲೀಟಾಳ ಎದೆಯಲ್ಲಿ ಮಾತ್ರ ಏನೋ ಗಂಟು ಸಡಿಲವಾಯಿತು. ಸೋಮವಾರ ಕೀಲಿ ಕೈಗೆ ಬರುತ್ತದೆ. ಮೊದಲ ಕೆಲಸ, ಡ್ಯಾಶ್‌ಬೋರ್ಡಿನ ಮೇಲಿನ ಪೆಪ್ಪರ್‌ಮಿಂಟ್ ಡಬ್ಬಿ ಕೆಳಗಿಳಿಸುವುದು. ಹೀಗೆ ಯೋಚಿಸುತ್ತಿದ್ದಾಗ ಕೆಳಗೆ ಬೆಂಚಿನ ಮೇಲೆ ಹೆಲ್ಮೆಟ್ಟು ತೆಗೆದು ರಕ್ತ ಒರೆಸಿಕೊಳ್ಳುತ್ತಿದ್ದ ಹುಡುಗನೊಬ್ಬ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದ. ಒಂದನೇ ತರಗತಿಯಿಂದ ಅವನನ್ನು ಶಾಲೆಗೆ ಬಸ್ಸಿನಲ್ಲಿ ಕರೆದೊಯ್ದವಳು ಒಲೀಟಾಳೇ. ಅವಳು ಕಣ್ಣು ತಪ್ಪಿಸಿದಳು.

ಕೊನೆಯ ಕಾಲುಭಾಗದಲ್ಲಿ ಏನಾಯಿತೆಂಬುದನ್ನು ಡನ್‌ಮೈರಿನವರು ಆಮೇಲೆ ಎಷ್ಟೋ ವರ್ಷ ಹೇಳಿಕೊಂಡರು. ಒಮ್ಮೆ ಚೆಂಡು ಕೆಸ್ಲರಿನವರ ಕೈಜಾರಿತು, ಎತ್ತಿಕೊಂಡವನು ಅದನ್ನು ಎದೆಗೆ ಅವುಚಿಕೊಂಡು ಅವರ ಗೆರೆಯವರೆಗೂ ನಿಲ್ಲದೆ ಓಡಿದ. ಎರಡನೇ ಸಲ, ಕತ್ತಲು ಕವಿಯುವ ಹೊತ್ತಿಗೆ, ಹುಡುಗರೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಚೆಂಡನ್ನು ಗೆರೆ ದಾಟಿಸಿದರು. ಗೆರೆ ದಾಟಿದ ಮೇಲೆ ಗಳಿಸಿದ ಹೆಚ್ಚುವರಿ ಅಂಕಗಳೂ ಸೇರಿ ಹದಿನೈದು ಹದಿನಾಲ್ಕು. ಮೆಟ್ಟಿಲುಗಳು ಮುರಿಯುವಂತೆ ಜನ ಕುಣಿದರು. ಶಾರ್ಲಾ ಅಳುತ್ತ ಒಲೀಟಾಳನ್ನು ತಬ್ಬಿಕೊಂಡಳು. ಒಲೀಟಾಳ ಬಾಯಿ ನಕ್ಕಿತು, ಹೊಟ್ಟೆ ಉರಿಯಿತು. ತಾನಿಲ್ಲದೆಯೂ ಇವರು ಗೆಲ್ಲುತ್ತಾರೆ. ತನ್ನ ಕಾಲದಲ್ಲಿ ಗೆಲ್ಲದಷ್ಟು ಗೆಲ್ಲುತ್ತಾರೆ.

ವಾಪಸು ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಂತರು. ಶಾರ್ಲಾ ಎರಡು ಲೋಟ ಕಾಫಿ ತಂದು ಒಂದನ್ನು ಒಲೀಟಾಳ ಕಿಟಕಿಗೆ ಹಿಡಿದಳು.

"ನಿಮ್ಮ ಹುಡುಗ್ರು ಗೆದ್ದರು ನೋಡಿ, ಮಿಸ್ ಒಲೀಟಾ. ಇವ್ರೆಲ್ಲ ನಿಮ್ಮ ಕೈಯಲ್ಲೇ ಬೆಳೆದವ್ರು ತಾನೆ. ನಾನು ನಿಮ್ಮ ಸೀಟು ಬೆಚ್ಚಗಿಟ್ಟಿದೀನಿ, ಅಷ್ಟೇ."

ಗಿರಣಿ ತಿರುವಿನಲ್ಲಿ ಒಳದೀಪ ಹಾಕು. ಅಷ್ಟೇ ಹೇಳಬೇಕಾಗಿದ್ದದ್ದು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಶಾರ್ಲಾ ಆ ಒಳ್ಳೆಯ ಮಾತು ಆಡದೇ ಇದ್ದಿದ್ದರೆ ಬಹುಶಃ ಹೇಳಿಬಿಡುತ್ತಿದ್ದಳು. ಸೀಟನ್ನೂ ಕಸಿದುಕೊಂಡು ಒಳ್ಳೆಯತನವನ್ನೂ ತಾನೇ ಇಟ್ಟುಕೊಂಡವಳಿಗೆ ದೀಪವನ್ನೂ ಯಾಕೆ ಕೊಡಬೇಕು ಎನಿಸಿತು. ಸೈರನ್ ಕೂಗಿ, ಬೆಂಕಿ ಹತ್ತಿ, ಹುಡುಗರು ಇವಳನ್ನು ಹೆಗಲ ಮೇಲೆ ಹೊರುವುದನ್ನು ಹಿಂದಿನ ಬಸ್ಸಿನಲ್ಲಿ ಕೂತು ನೋಡುವ ಶಕ್ತಿ ತನಗಿಲ್ಲ.

"ಕಾಫಿಗೆ ಸಕ್ಕರೆ ಜಾಸ್ತಿ ಆಯ್ತು," ಎಂದಳು.

ಊರು ಇನ್ನೇನು ಬಂತು ಎನ್ನುವಾಗ ರೈಲ್ವೆ ಗೇಟು. ಎರಡು ಬಸ್ಸೂ ದಾಟಿದ ಕೂಡಲೇ ಧಾನ್ಯ ತುಂಬಿದ ಗೂಡ್ಸ್ ರೈಲೊಂದು ಅಡ್ಡ ಬಂದು ನಿಂತು, ಹಿಂದಿನ ಕಾರುಗಳ ಸಾಲೆಲ್ಲ ಅದರಾಚೆ ಉಳಿಯಿತು. ಮುಂದೆ ಗಿರಣಿಯ ತಿರುವು. ಶಾರ್ಲಾಳ ಬಸ್ಸು ಕತ್ತಲ ಪೆಟ್ಟಿಗೆಯಂತೆ ತಿರುಗಿತು. ಗಿರಣಿಯ ಮೇಲಿನ ಕಿಟಕಿಯ ಹಿಂದೆ ಎಲ್ಮೋ ಕೂತಿದ್ದಾನೆ, ಬೆಳಕಿಗೆ ಕಾಯುತ್ತಿದ್ದಾನೆ. ಒಲೀಟಾಳ ಬೆರಳು ತನ್ನ ಬಸ್ಸಿನ ಒಳದೀಪದ ಗುಂಡಿಯ ಮೇಲೆ ಹೋಯಿತು. ಅವನಿಗೆ ಬೇಕಾದದ್ದು ಒಂದು ಬೆಳಕು, ಯಾವ ಬಸ್ಸಿನದೆಂದು ಅವನಿಗೆ ಕಾಣದು. ಬೆರಳು ಅಲ್ಲೇ ಇತ್ತು. ತಿರುವು ಕಳೆದುಹೋಯಿತು. ಸೈರನ್ ಕೂಗಲಿಲ್ಲ.

ಆಮೇಲೆ ಅವಳು ನೋಡಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಒಂದೊಂದೇ ಮನೆಯ ಜಗಲಿಯ ದೀಪ ಆರಿತು. ಬಸ್ಸುಗಳು ಮುಂದೆ ಸರಿದಂತೆ ಕತ್ತಲೂ ಅವುಗಳ ಮುಂದೆ ಮುಂದೆ ಓಡಿತು. ಕ್ಷೌರದಂಗಡಿ ಆರಿತು, ಚರ್ಚು ಆರಿತು, ಅವಳ ಮನೆಯ ದೀಪವನ್ನು ಕ್ಲೆಲ್ ಆರಿಸಿದ. ಚೌಕಕ್ಕೆ ಬಂದಾಗ ಅಲ್ಲಿ ಒಂದು ನಾಯಿಯೂ ಇರಲಿಲ್ಲ. ಸೌದೆಯ ರಾಶಿ ಹಾಗೇ ಇತ್ತು.

ಮೊದಲ ಬಸ್ಸಿನ ಹಾಡು ನಿಂತುಹೋಯಿತು. ಹುಡುಗರು ಇಳಿದು ಸುತ್ತ ನೋಡಿದರು.

"ಎಲ್ರೂ ಎಲ್ಲೋ?" ಎಂದ ಒಬ್ಬ.

"ಯಾರೋ ಸತ್ತಿರ್ಬೇಕು ಕಣೋ," ಎಂದ ಇನ್ನೊಬ್ಬ ಸಣ್ಣ ದನಿಯಲ್ಲಿ. "ಯಾರೋ ದೊಡ್ಡೋರು. ಇಲ್ದಿದ್ರೆ ಇಡೀ ಊರು ದೀಪ ಆರ್ಸುತ್ತಾ?"

ಕೋಚ್ ರಾಂಕಿನ್‌ಗೂ ಹಾಗೇ ಅನಿಸಿರಬೇಕು. ಅವನು ಟೊಪ್ಪಿ ತೆಗೆದ. ಅದನ್ನು ನೋಡಿ ಹುಡುಗರೂ ಒಬ್ಬೊಬ್ಬರಾಗಿ ಟೊಪ್ಪಿ ತೆಗೆದು ತಲೆ ತಗ್ಗಿಸಿ ನಿಂತರು. ಹುಡುಗರು ದುಃಖದಲ್ಲಿದ್ದಾರೆಂದು ಊರು ಒಳಗೆ ಅಡಗಿತ್ತು, ಊರು ದುಃಖದಲ್ಲಿದೆ ಎಂದು ಹುಡುಗರು ಹೊರಗೆ ನಿಂತಿದ್ದರು. ಜೀವಮಾನದಲ್ಲೇ ದೊಡ್ಡ ಆಟ ಗೆದ್ದು ಬಂದವರು, ಹುಬ್ಬು ಒಡೆದುಕೊಂಡವರು, ಬೆರಳಿಗೆ ಪಟ್ಟಿ ಸುತ್ತಿಕೊಂಡವರು, ಚಳಿಯಲ್ಲಿ ಬರಿದಲೆಯಲ್ಲಿ ನಿಂತಿದ್ದರು. ಒಲೀಟಾ ಬ್ಯಾಂಡಿನ ಬಸ್ಸಿನ ಬಾಗಿಲು ಹಿಡಿದು ಅದನ್ನು ನೋಡಿದಳು. ಬಯಸಿದ್ದು ಶಾರ್ಲಾಳ ಸಂತೋಷ ಕೆಡಲಿ ಎಂದು. ಕೆಟ್ಟದ್ದು ಯಾರದು ಎಂಬುದು ಕಣ್ಣೆದುರಿಗಿತ್ತು.

ಅಷ್ಟರಲ್ಲಿ ಗಿರಣಿಯ ಬೀದಿಯಿಂದ ಕೋಲೂರುವ ಸದ್ದು ಬಂತು. ಎಲ್ಮೋ ಟಿಡ್ವೆಲ್ ಗೋಡೆ ಸವರಿಕೊಂಡು, ಕಂಕುಳಲ್ಲಿ ಫ್ಲಾಸ್ಕು ಇರುಕಿಕೊಂಡು ಬಂದ. ಕೈಯಿಂದ ಮೊದಲ ಬಸ್ಸನ್ನು ತಡವಿ ಡ್ರೈವರಿನ ಬಾಗಿಲು ಹುಡುಕಿ ತಟ್ಟಿದ.

"ಇಳಿಯಮ್ಮ ಒಲೀಟಾ. ಕಾಫಿ ತಂದಿದೀನಿ. ಸೋತ ರಾತ್ರಿ ಡ್ರೈವರನ್ನ ಯಾರೂ ಕೇಳಲ್ಲ, ಅದು ನಂಗೊತ್ತು. ನಂಗೆ ಮುಖ ಕಾಣಲ್ಲ, ಹಂಗಾಗಿ ನಾನು ಬರಬಹುದು. ಇಬ್ರೂ ಸೇರಿ ಬಸ್ಸು ಗುಡಿಸಿ ಹೋಗಣ."

ಒಳಗಿನಿಂದ ಶಾರ್ಲಾಳ ಅಳು ದನಿ ಬಂತು. "ನಾನು ಒಲೀಟಾ ಅಲ್ಲ, ತಾತ. ನಾನು ಶಾರ್ಲಾ. ಊರಿಗೆ ಏನಾಗಿದೆ? ನಾನೇನಾದ್ರೂ ತಪ್ಪು ಮಾಡಿದ್ನಾ?"

ಒಲೀಟಾ ಹತ್ತಿರ ಹೋದಳು. "ನಾನಿಲ್ಲಿದೀನಿ, ಮಿಸ್ಟರ್ ಎಲ್ಮೋ. ನಾವು ಸೋತಿಲ್ಲ. ಗೆದ್ವಿ."

"ಗೆದ್ರಾ? ಮತ್ತೆ ದೀಪ?"

"ಯಾವ ದೀಪ?" ಎಂದಳು ಶಾರ್ಲಾ.

"ಅವಳಿಗೆ ಗೊತ್ತಿಲ್ಲ," ಎಂದಳು ಒಲೀಟಾ. "ಬಸ್ಸು ಈಗ ಅವಳದು. ಬೆಳಿಗ್ಗೆ ಬಂದು ಕೇಳಿದ್ಲು. ನಾನು ಹೇಳ್ಲಿಲ್ಲ."

"ಮರ್ತ್ಹೋಯ್ತೇನೋ," ಎಂದ ಮುದುಕ ಮೆತ್ತಗೆ.

ತಪ್ಪಿಸಿಕೊಳ್ಳಲು ಅವನೇ ಒಂದು ಬಾಗಿಲು ತೆರೆದು ಕೊಟ್ಟಿದ್ದ. ಅದರೊಳಗೆ ನುಸುಳಿಕೊಂಡು ಹೋಗಬಹುದಿತ್ತು. "ಮರೀಲಿಲ್ಲ," ಎಂದಳು. "ಹೊಟ್ಟೆಕಿಚ್ಚು."

ಶಾರ್ಲಾ ಕೆಳಗಿಳಿದು ಅವಳನ್ನೇ ನೋಡಿದಳು. ಏನಾದರೂ ಬೈದಿದ್ದರೆ ಚೆನ್ನಾಗಿತ್ತು. ಎಲ್ಮೋ ಫ್ಲಾಸ್ಕನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಉಸಿರು ಬಿಟ್ಟ.

"ಐವತ್ತೈದನೇ ಇಸವೀಲಿ ನಿನಗೆ ಇದೆಲ್ಲ ಹೇಳೋಕೆ ಅಂತ ಹೊರಟು ಎರಡು ಸಲ ಅರ್ಧ ದಾರಿಯಿಂದ ವಾಪಸು ಹೋಗಿದ್ದೆ ಕಣೇ. ನಿನ್ನ ಮುಖ ಕಂಡ್ರೆ ಆಗ್ತಿರ್ಲಿಲ್ಲ ನಂಗೆ. ಹೆಂಗಸು ಬೇರೆ. ದಾರೀಲಿ ಬಸ್ಸು ಕೆಟ್ಟು ನಿಲ್ಲಲಿ ಅಂತ ದೇವರಿಗೆ ಹೇಳ್ಕೊಂಡಿದ್ದೆ."

"ಮತ್ಯಾಕೆ ಬಂದ್ರಿ?"

"ಹುಡುಗ್ರು ಕತ್ತಲಲ್ಲಿ ಬರ್ತಾರಲ್ಲ ಅಂತ."

ಒಲೀಟಾಳಿಗೆ ಕೇಳಬೇಕಾದದ್ದು ಇನ್ನೊಂದಿತ್ತು. "ಆಮೇಲೆ ಹೋಯ್ತಾ, ಆ ಕಿಚ್ಚು?"

"ಎಲ್ಲಿ ಹೋಗುತ್ತೆ? ಈಗ್ಲೂ ನಿನ್ನ ಬಸ್ಸಿನ ಸದ್ದು ಕೇಳಿದ್ರೆ, ಗೇರು ತಪ್ಪು ಹಾಕಿದ್ಲು ಮುಂಡೇದು ಅನ್ಸುತ್ತೆ." ಅವನು ಜೇಬಿನಿಂದ ಗಿರಣಿಯ ಕೀಲಿ ತೆಗೆದು ಗಾಳಿಯಲ್ಲಿ ಹಿಡಿದ. "ಇನ್ನೊಂದು ಸಲ ಹತ್ತೋಕೆ ನನ್ನ ಮಂಡಿಗೆ ಆಗಲ್ಲ. ನೀನು ಹೋಗಿ ಎಳಿ. ಹುಡುಗೀ, ನೀನು ಒಳಗೆ ಹೋಗಿ ದೀಪ ಹಾಕು, ಇರೋದೆಲ್ಲ ಹಾಕು."

ಒಲೀಟಾ ಓಡಿದಳು. ಹೊಟ್ಟೆಯ ಗಾಯದ ಮೇಲೆ ಕೈಯಿಟ್ಟುಕೊಂಡು ಗಿರಣಿಯ ಮೆಟ್ಟಿಲು ಹತ್ತಿದಳು. ಮೇಲೆ ಕಿಟಕಿಯ ಬಳಿ ಒಂದು ಕುರ್ಚಿ, ಅದರ ಮೇಲೆ ಮಡಚಿದ ಕಂಬಳಿ, ಪಕ್ಕದಲ್ಲಿ ಸೈರನ್ನಿನ ಹಿಡಿ. ಹಿಡಿದು ಎಳೆದಳು. ಕೂಗು ಕಿವಿಯ ಹತ್ತಿರವೇ ಎದ್ದು ಮೈ ನಡುಗಿಸಿತು. ತೋಳು ಸೋಲುವವರೆಗೂ ಬಿಡಲಿಲ್ಲ.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಕತ್ತಲ ನಡುವೆ ಶಾರ್ಲಾಳ ಬಸ್ಸು ಉರಿಯುವ ಲಾಂದ್ರದಂತೆ ನಿಂತಿತ್ತು. ಜಗಲಿಯ ದೀಪಗಳು ಹತ್ತಿದವು, ಬಾಗಿಲುಗಳು ತೆರೆದುಕೊಂಡವು, ಜನ ನಿಲುವಂಗಿಯಲ್ಲೇ ಓಡಿಬಂದರು. ಸೌದೆಗೆ ಬೆಂಕಿ ಬಿತ್ತು. ರೈಲಿನಾಚೆ ಸಿಕ್ಕಿಕೊಂಡಿದ್ದ ಕಾರುಗಳು ಹಾರನ್ ಒತ್ತುತ್ತ ಬಂದವು. ಹುಡುಗರು ಶಾರ್ಲಾಳನ್ನು ಹೆಗಲ ಮೇಲೆ ಹೊತ್ತರು. ಅವಳು ಬೇಡ ಬೇಡವೆಂದು ಕೈಬೀಸುತ್ತಿದ್ದಳು, ಅಷ್ಟು ದೂರದಿಂದಲೂ ಅದು ಗೊತ್ತಾಗುತ್ತಿತ್ತು. ಒಂಬತ್ತು ವರ್ಷದ ಹಿಂದೆ ತಾನು ಅಲ್ಲಿ ಕುಣಿಯುತ್ತಿದ್ದಾಗ ಈ ಕುರ್ಚಿಯ ಪಕ್ಕದಲ್ಲಿ ಒಬ್ಬ ನಿಂತಿದ್ದ. ಆಗ ಅವನಿಗೆ ಇನ್ನೂ ಸ್ವಲ್ಪ ಕಣ್ಣು ಕಾಣುತ್ತಿತ್ತು. ಒಲೀಟಾ ಒಮ್ಮೆಯೂ ಈ ಕಿಟಕಿಯ ಕಡೆ ತಿರುಗಿ ನೋಡಿರಲಿಲ್ಲ.

ಹೊಟ್ಟೆಯ ಉರಿ ಹೋಗಿರಲಿಲ್ಲ. ಶಾರ್ಲಾಳ ಕಾಲಿನಿಂದ ಬೂಟು ಬೀಳುತ್ತದೇನೋ ಎಂದು ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಬೀಳಲಿಲ್ಲ. ಅದಕ್ಕೂ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಒಬ್ಬಳೇ ಇದ್ದುದರಿಂದ ನಗುವೂ ಬಂತು.

ಮುಂದಿನ ಶನಿವಾರದ ಆಟವೂ ಹೊರ ಊರಿನಲ್ಲೇ ಇತ್ತು. ಆ ಸಂಜೆ ಈ ಮೆಟ್ಟಿಲು ಹತ್ತಿ ಕಾಯಲು ಯಾರಾದರೂ ಬೇಕಿತ್ತು. ಒಲೀಟಾ ಕಂಬಳಿ ಕೊಡವಿ ಮತ್ತೆ ಮಡಚಿಟ್ಟಳು, ಕೆಳಗಿಳಿದು ಗಿರಣಿಗೆ ಬೀಗ ಹಾಕಿದಳು. ಕೀಲಿಯನ್ನು ಎಲ್ಮೋಗೆ ವಾಪಸು ಕೊಡಲಿಲ್ಲ.